ಹವ್ಯಾಸಿಗಳ ಬಾಣವೂ ಸಿಡಿಮದ್ದಿನ ಕಾನೂನೂ

2018ರ ಜುಲೈ ತಿಂಗಳಿನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ನೀರಿಲ್ಲದ ಪಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕ ಕಬ್ಬಿಣದ ಬಾಣದ ಕೊಳವೆಗಳು ಹೊರಬಂದುವು. ಅವು ಟೀಪೂ ಸುಲ್ತಾನನ ಕಾಲದವೆಂದು ಪ್ರಾಚ್ಯವಸ್ತು ಇಲಾಖೆಯವರು ನಿರ್ಣಯಿಸಿದರು. ಮೈಸೂರಿನ ಸೈನ್ಯ 1780ರಲ್ಲಿ ಪೊಳ್ಳಿಲೂರಿನಲ್ಲಿಯೂ, ಅನಂತರ 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿಯೂ ಇಂತಹ ಬಾಣಗಳನ್ನು ಪ್ರಯೋಗಿಸಿದ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಅರಿಯದವರಲ್ಲ. ಆದರೆ ಪ್ರಕೃತ ಪ್ರಬಂಧದ ವಿಷಯ ಅದಲ್ಲ. ಆ ಬಾಣಗಳು ಇಂಗ್ಲೆಂಡನ್ನು ಸೇರಿದ ಮೇಲೆ ನಡೆದ ಒಂದು ಸಣ್ಣ ಘಟನೆಯಿಂದ ನಾವು ಆರಂಭಿಸುತ್ತೇವೆ. (ಬಾಣವೆಂಬ ಮಾತನ್ನು ಇಲ್ಲಿ ರಾಕೆಟ್ಟಿಗೆ ಪರ್ಯಾಯವಾಗಿಯೇ ಬಳಸಿದ್ದೇವೆ, ಜಾತ್ರೆಯ ಬಾಣಬಿರುಸನ್ನು ಕಂಡವರಿಗೆ ಅದು ಹೊಸ ಮಾತಲ್ಲ.)

ವಿಲಿಯಂ ಕಾಂಗ್ರೀವನೆಂಬವನು ಸೈನ್ಯದ ಅಧಿಕಾರಿಯಾಗಿರಲಿಲ್ಲ. ಅವನ ತಂದೆ ವುಲಿಚ್ಚಿನ ರಾಜ ಮದ್ದಿನ ಶಾಲೆಯ ಮೇಲ್ವಿಚಾರಕನಾಗಿದ್ದನು. 1804ರ ಸುಮಾರಿಗೆ ಮಗನು ತನ್ನ ಕೈಯಿಂದಲೇ ಹಣವನ್ನು ವೆಚ್ಚಮಾಡಿ, ಲಂಡನ್ನಿನ ಬಿರುಸಿನ ಅಂಗಡಿಗಳಲ್ಲಿ ದೊರೆಯುತ್ತಿದ್ದ ಅತಿ ದೊಡ್ಡ ಆಕಾಶಬಾಣಗಳನ್ನು ಕೊಂಡು ಹಾರಿಸಿ ನೋಡಿದನು. ಅವು ಸುಮಾರು 600 ಗಜ ದೂರಕ್ಕಿಂತ ಹೆಚ್ಚು ಹೋಗಲಿಲ್ಲ. ಮೈಸೂರಿನ ಬಾಣಗಳ ಹರವಾದರೋ ಅದರ ಹೆಚ್ಚುಕಡಮೆ ಎರಡರಷ್ಟೆಂದು ಅವನು ಕೇಳಿದ್ದನು. ಮುಂದೆ ಅನುಮತಿಯನ್ನು ಪಡೆದು ವುಲಿಚ್ಚಿನ ಶಾಲೆಯಲ್ಲಿಯೇ ತನಗೆ ಬೇಕಾದ ಬಾಣಗಳನ್ನು ಮಾಡಿಸಿಕೊಂಡನು. ಇಲ್ಲಿ ಗಮನಿಸಬೇಕಾದುದೊಂದಿದೆ. ಮೂರನೆಯ ವಿಲಿಯಂ ದೊರೆಯ ಕಾಲದ 1697ರ ಶಾಸನವೊಂದು ಬಾಣಬಿರುಸುಗಳನ್ನು ಮಾಡುವುದನ್ನೂ ಮಾರುವುದನ್ನೂ ಬೀದಿಯಲ್ಲಿ ಎಸೆಯುವುದನ್ನೂ ಸಾರ್ವಜನಿಕ ಉಪದ್ರವವೆಂದು ನಿಷೇಧಿಸಿದ್ದಿತು. 1860ರವರೆಗೂ ಅದು ರದ್ದಾಗಲಿಲ್ಲ. ಯಾರೂ ಅದನ್ನು ಲೆಕ್ಕಿಸಲೂ ಇಲ್ಲ. ಆದುದರಿಂದ ಕಾಂಗ್ರೀವನಿಗೆ ಸರಕನ್ನು ಮಾರಿದ ಅಂಗಡಿಕಾರರು ಕಾನೂನಿನ ದೃಷ್ಟಿಯಲ್ಲಿ ಅಪರಾಧಿಗಳೇ ಆಗಿದ್ದರು. ಅವರ ಹೆಸರುಗಳನ್ನು ಇತಿಹಾಸ ನೆನೆಯುವುದಿಲ್ಲ. ಬಾಣಕ್ಕೆ ಮಾತ್ರ ಕಾಂಗ್ರೀವನ ಹೆಸರು ನಿಂತಿತು.

ರಾಕೆಟ್ಟಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರದ ಬೆಳವಣಿಗೆಯನ್ನು ಹಿಡಿದು ಬರೆಯುತ್ತಾರೆ: ಈ ವರ್ಷ ಇಷ್ಟು ಎತ್ತರ, ಆ ವರ್ಷ ಅಷ್ಟು ದೂರ. ಹವ್ಯಾಸಿಗಳು ಆ ಕಥೆಯಲ್ಲಿ ಮೊದಲ ಅಧ್ಯಾಯದ ಪಾತ್ರಗಳಾಗಿ ಬಂದು ಮರೆಯಾಗುತ್ತಾರೆ. ನಮಗೆ ತೋರುವ ಮಟ್ಟಿಗೆ, ಮನೆಯ ಹಿತ್ತಿಲಿನಲ್ಲಿಯೋ ಊರ ಹೊರಗಿನ ಬಯಲಿನಲ್ಲಿಯೋ ಬಾಣವನ್ನು ಮಾಡಿದವರ ಗತಿಯನ್ನು ನಿರ್ಧರಿಸಿದುದು ಅವರ ಕೈಚಳಕಕ್ಕಿಂತ ಹೆಚ್ಚಾಗಿ ಆಯಾ ದೇಶದ ಸಿಡಿಮದ್ದಿನ ಕಾನೂನು. ಯಾರು ಮದ್ದನ್ನು ಅರೆಯಬಹುದು, ಎಲ್ಲಿ ಅರೆಯಬಹುದು, ಯಾತಕ್ಕಾಗಿ ಅರೆಯಬಹುದು ಎಂಬ ಪ್ರಶ್ನೆಗೆ ಒಂದೊಂದು ರಾಜ್ಯ ಒಂದೊಂದು ಉತ್ತರವನ್ನು ಕೊಟ್ಟಿತು; ಆ ಉತ್ತರಕ್ಕೆ ತಕ್ಕಂತೆ ಒಂದು ಕಡೆ ಬರಿಯ ಕಾಗದದ ನೌಕೆಯೂ, ಒಂದು ಕಡೆ ಯುದ್ಧದ ಅಸ್ತ್ರವೂ, ಮತ್ತೊಂದು ಕಡೆ ಅಂಚೆಯ ಲಕೋಟೆಯೂ ಹುಟ್ಟಿದುವು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಇದು ಸ್ಪಷ್ಟವಾಗಿ ಕಾಣುವುದರಿಂದ ಆ ಕಾಲವನ್ನೇ ನಾವು ಮುಖ್ಯವಾಗಿ ಆರಿಸಿಕೊಂಡಿದ್ದೇವೆ.

ಮೊದಲು ಇಂಗ್ಲೆಂಡ್. 1874ರ ಅಕ್ಟೋಬರ್ 2ರ ನಸುಕಿನಲ್ಲಿ ಲಂಡನ್ನಿನ ರೀಜೆಂಟ್ ಕಾಲುವೆಯಲ್ಲಿ ಸಾಗುತ್ತಿದ್ದ ಟಿಲ್ಬರಿ ಎಂಬ ಸರಕಿನ ದೋಣಿ, ತನ್ನೊಳಗಿದ್ದ ಸುಮಾರು ಐದು ಟನ್ ಕೋವಿಮದ್ದು ಸಿಡಿದು ನುಚ್ಚುನೂರಾಯಿತು. ದೋಣಿಯಲ್ಲಿದ್ದವರು ಮಡಿದರು, ಮೇಲಿದ್ದ ಸೇತುವೆ ಉರುಳಿತು. ರಾಜಧಾನಿಯ ನಡುವೆಯೇ ನಡೆದ ಈ ದುರಂತ ಆಗಲೇ ಕರಡಿನ ಸ್ಥಿತಿಯಲ್ಲಿದ್ದ ಸುಧಾರಣೆಗೆ ಒತ್ತಾಸೆಯಾಯಿತು. ಮರುವರ್ಷವೇ ಬಂದ 1875ರ ಸ್ಫೋಟಕ ಕಾಯಿದೆ ಬಹುಮಟ್ಟಿಗೆ ವಿವಿಯನ್ ಮಜೆಂಡಿ ಎಂಬ ಸೇನಾಧಿಕಾರಿಯ ಪರಿಶ್ರಮದ ಫಲ. ಪರವಾನಗಿ ಪಡೆದ ಕಾರ್ಖಾನೆಯ ಹೊರಗೆ ಯಾರೂ ಸಿಡಿಮದ್ದನ್ನು ತಯಾರಿಸಕೂಡದೆಂಬುದು ಅದರ ಮೂಲ ವಿಧಿ. ಅದಕ್ಕೊಂದು ಅಪವಾದವಿದ್ದಿತು: ರಸಾಯನ ಪ್ರಯೋಗಕ್ಕಾಗಿ ಸ್ವಲ್ಪ ಪ್ರಮಾಣದ ಮದ್ದನ್ನು ಮಾಡಬಹುದು, ಆದರೆ ಮಾರಾಟಕ್ಕಾಗಲಿ ಪ್ರಾಯೋಗಿಕ ಬಳಕೆಗಾಗಲಿ ಮಾಡಕೂಡದು.

ಈ ಅಪವಾದದ ಮಾತುಗಳನ್ನು ಓದುವಾಗ ನಾವು ತುಸು ನಿಲ್ಲಬೇಕು. ಗಾಜಿನ ಬಟ್ಟಲಿನಲ್ಲಿ ಚಿಟಿಕೆ ಮದ್ದನ್ನು ಉರಿಸಿ ನೋಡುವ ವಿದ್ಯಾರ್ಥಿಯನ್ನು ಕಾನೂನು ವಿಜ್ಞಾನಿಯೆಂದು ಮನ್ನಿಸುತ್ತದೆ. ಅದೇ ಮದ್ದನ್ನು ಕೊಳವೆಗೆ ತುಂಬಿ, ಅದು ಎಷ್ಟು ತೂಕವನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲುದೆಂದು ಅಳೆಯಹೊರಟ ಕೂಡಲೇ ಅವನು ‘ಬಳಕೆ’ಯ ಗಡಿಯನ್ನು ದಾಟಿದವನಾಗುತ್ತಾನೆ. ಹಾರುವುದೇ ಅಪರಾಧ! ಮಜೆಂಡಿಯ ಕಾಲದಲ್ಲಿ ಹಾರಾಟವನ್ನೇ ಪ್ರಯೋಗವೆಂದು ಭಾವಿಸಿದವರಿರಲಿಲ್ಲವಾದ್ದರಿಂದ ಈ ತೊಡಕು ಯಾರ ಕಣ್ಣಿಗೂ ಬೀಳಲಿಲ್ಲ. ಅದು ಕಂಡುಬಂದುದು 1933ರಲ್ಲಿ, ಫಿಲಿಪ್ ಕ್ಲೀಟರ್ ಎಂಬಾತನು ಲಿವರ್‌ಪೂಲಿನಲ್ಲಿ ಬ್ರಿಟಿಷ್ ಗ್ರಹಾಂತರ ಸಂಘವನ್ನು ಸ್ಥಾಪಿಸಿದಾಗ. ಸಂಘದವರಿಗೆ ರಾಕೆಟ್ಟಿನ ಪ್ರಯೋಗವನ್ನು ನಡೆಸುವ ದಾರಿಯೇ ಮುಚ್ಚಿದ್ದಿತು. ಆದಕಾರಣ ಅವರು ಲೆಕ್ಕಣಿಕೆಯನ್ನು ಹಿಡಿದರು. 1938-39ರಲ್ಲಿ ಲಂಡನ್ನಿನ ಸದಸ್ಯರು ಚಂದ್ರಲೋಕಕ್ಕೆ ಮನುಷ್ಯರನ್ನು ಕರೆದೊಯ್ಯುವ ನೌಕೆಯೊಂದರ ವಿವರವಾದ ನಕ್ಷೆಯನ್ನು ಸಿದ್ಧಪಡಿಸಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಗೇಣುದ್ದದ ಬಾಣವನ್ನೂ ಹಾರಿಸಲಾರದವರು ಚಂದ್ರನೌಕೆಯನ್ನು ರಚಿಸಿದರೆಂದು ಇದನ್ನು ನಕ್ಕು ಬಿಡಬಹುದು. ನಾವು ಹಾಗೆ ಬಿಡಲಾರೆವು. ಅವರಲ್ಲೊಬ್ಬನಾದ ಆರ್ಥರ್ ಕ್ಲಾರ್ಕನು 1945ರಲ್ಲಿ ಭೂಮಿಯ ಸುತ್ತ ನಿಂತಂತೆ ಸುತ್ತುವ ಸಂಪರ್ಕ ಉಪಗ್ರಹಗಳ ಲೇಖನವನ್ನು ಬರೆದನೆಂಬುದನ್ನು ನೆನೆದರೆ, ಕೈ ಕಟ್ಟಿದ ಕಾನೂನು ಲೆಕ್ಕವನ್ನು ಚುರುಕುಮಾಡಿತೆಂದು ಹೇಳಲು ಎಡೆಯಿದೆ.

ಎಲ್ಲರೂ ಕಾಗದಕ್ಕೆ ತೃಪ್ತರಾಗಲಿಲ್ಲ. 1936ರಲ್ಲಿ ಎರಿಕ್ ಬರ್ಜೆಸ್ ಎಂಬ ಹದಿಹರೆಯದ ಹುಡುಗನು ಮ್ಯಾಂಚೆಸ್ಟರಿನಲ್ಲಿ ಬೇರೊಂದು ಸಂಘವನ್ನು ಕಟ್ಟಿದನು. 1937ರ ಮಾರ್ಚ್ 27ರಂದು ಊರಂಚಿನ ಕ್ಲೇಟನ್ ಕಣಿವೆಯಲ್ಲಿ ಇವರು ಏರ್ಪಡಿಸಿದ ಪ್ರದರ್ಶನಕ್ಕೆ ಜನ ಕೂಡಿದರು. ಬಾಣವೊಂದು ಸಿಡಿದು ನೋಡುತ್ತಿದ್ದವರಲ್ಲಿ ಕೆಲವರಿಗೆ ಗಾಯವಾಯಿತು. 1875ರ ಕಾಯಿದೆಯ ಮೇರೆಗೆ ಮೊಕದ್ದಮೆ ನಡೆಯಿತು, ಶಿಕ್ಷೆಯೇನೂ ಆಗಲಿಲ್ಲ. ಹುಡುಗರ ಉತ್ಸಾಹವನ್ನು ಮೆಚ್ಚುವವರು ಈ ಮೊಕದ್ದಮೆಯನ್ನು ಅಧಿಕಾರಿಗಳ ಮೊಂಡುತನಕ್ಕೆ ನಿದರ್ಶನವಾಗಿ ಹೇಳುವುದುಂಟು. ಗಾಯಗೊಂಡವರ ಕಡೆಯಿಂದ ನೋಡಿದರೆ ಟಿಲ್ಬರಿಯ ನೆನಪು ಅಷ್ಟೇನೂ ಅಸಂಗತವಾಗಿ ತೋರದು.

ಜರ್ಮನಿಯ ಸ್ಥಿತಿ ಬೇರೆ. 1927ರ ಜುಲೈ 5ರಂದು ಬ್ರೆಸ್ಲೌ ನಗರದ (ಇಂದು ಅದು ಪೋಲೆಂಡಿನ ವ್ರೊಟ್ಸ್ವಾಫ್) ಒಂದು ಹೋಟೆಲಿನಲ್ಲಿ ಕೂಡಿದ ಕೆಲವರು ಆಕಾಶಯಾನ ಸಂಘವನ್ನು ಸ್ಥಾಪಿಸಿದರು. ಯೋಹಾನೆಸ್ ವಿಂಕ್ಲರ್ ಅದರ ಮೊದಲ ಅಧ್ಯಕ್ಷ. ಎರಡೇ ವರ್ಷಗಳಲ್ಲಿ ಸದಸ್ಯರ ಸಂಖ್ಯೆ 800ನ್ನು ದಾಟಿತು. 1930ರ ಸೆಪ್ಟೆಂಬರ್ 27ರಂದು ರುಡಾಲ್ಫ್ ನೆಬೆಲನು ಬರ್ಲಿನ್ನಿನ ಉತ್ತರಕ್ಕಿರುವ ರೈನಿಕೆನ್‌ಡಾರ್ಫಿನಲ್ಲಿ ಹಿಂದೆ ಮದ್ದುಗುಂಡುಗಳನ್ನು ಕೂಡಿಡುತ್ತಿದ್ದ ಪಾಳು ಜಾಗವೊಂದನ್ನು ನಗರದವರಿಂದ ಗೇಣಿಗೆ ಪಡೆದನು. ಗೇಣಿ ವರ್ಷಕ್ಕೆ ಹತ್ತು ಮಾರ್ಕು! ಅಲ್ಲಿ ‘ರಾಕೆಟ್ ನಿಲ್ದಾಣ’ ಎಂದು ಹಲಗೆಯನ್ನು ತೂಗಹಾಕಿದರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕೆಲಸವಿಲ್ಲದ ಕುಶಲ ಕರ್ಮಿಗಳು, ಬೆಸುಗೆಯವರು, ತಗಡಿನ ಕೆಲಸದವರು, ಬಾಡಿಗೆಯಿಲ್ಲದ ವಾಸಕ್ಕಾಗಿ ಬಂದು ಸೇರಿ ಕೂಲಿಯಿಲ್ಲದೆ ದುಡಿದರು. ಮದ್ದಿನ ಬಾಣವನ್ನು ಬಿಟ್ಟು ದ್ರವ ಇಂಧನದ ಯಂತ್ರವನ್ನು ಅವರು ಹಿಡಿದುದು ಹರ್ಮನ್ ಓಬರ್ತನು 1923ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಭಾವದಿಂದ. ನಿಲ್ದಾಣ ತೆರೆಯುವ ಮೊದಲೇ, 1930ರ ಜುಲೈ 23ರಂದು, ಓಬರ್ತನ ಯಂತ್ರವನ್ನು ಸರ್ಕಾರದ ರಸಾಯನ ಪರೀಕ್ಷಾಲಯದವರು ಪರೀಕ್ಷಿಸಿ, ಅದು 90 ಸೆಕೆಂಡುಗಳ ಕಾಲ ಸುಮಾರು 7 ಕಿಲೋಗ್ರಾಂ ನೂಕುಬಲವನ್ನು ಕೊಟ್ಟಿತೆಂದು ಪ್ರಮಾಣಪತ್ರವನ್ನು ನೀಡಿದ್ದರು. ಹವ್ಯಾಸಿಯ ಕೈಯಲ್ಲಿ ಸರ್ಕಾರದ ಪ್ರಮಾಣಪತ್ರ! ಇಂಗ್ಲೆಂಡಿನಲ್ಲಿ ಮೊಕದ್ದಮೆಗೆ ಗುರಿಯಾಗಬಹುದಾಗಿದ್ದ ಕಾರ್ಯಕ್ಕೆ ಇಲ್ಲಿ ಮುದ್ರೆ ಬಿದ್ದಿತು.

ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಸಂಘದ ಸ್ಥಾಪಕರಲ್ಲೊಬ್ಬನಾದ ಮ್ಯಾಕ್ಸ್ ವಾಲಿಯೆ 1930ರ ಮೇ 17ರಂದು ಬರ್ಲಿನ್ನಿನ ಪ್ರಯೋಗಶಾಲೆಯಲ್ಲಿ ಯಂತ್ರ ಸಿಡಿದು ತೀರಿಕೊಂಡನು. ಸಂಘದಿಂದ ದೂರವಾಗಿ ಓಸ್ನಾಬ್ರೂಕಿನಲ್ಲಿ ಮದ್ದಿನ ಬಾಣಗಳನ್ನೇ ಮಾಡುತ್ತಿದ್ದ ರೈನ್‌ಹೋಲ್ಡ್ ಟಿಲಿಂಗನು 1933ರ ಅಕ್ಟೋಬರಿನಲ್ಲಿ ಮದ್ದು ಹೊತ್ತಿಕೊಂಡು ತನ್ನ ಇಬ್ಬರು ಸಹಾಯಕರೊಡನೆ ಸುಟ್ಟಗಾಯಗಳಿಂದ ಸತ್ತನು. ಸಹಾಯಕರಲ್ಲೊಬ್ಬಳು ಹೆಂಗಸು, ಆಂಗೆಲಾ ಬುಡೆನ್‌ಬ್ಯೋಮರ್. ರಾಕೆಟ್ಟಿನ ಚರಿತ್ರೆಗಳ ಅಕಾರಾದಿ ಸೂಚಿಗಳಲ್ಲಿ ಅವಳ ಹೆಸರನ್ನು ಹುಡುಕಿ ಕಾಣಬೇಕಾಗಿದೆ.

ಇನ್ನೊಂದು ಬೆಲೆ ಇದಕ್ಕಿಂತ ನಿಧಾನವಾಗಿ ಬಂದಿತು. 1919ರ ವರ್ಸಾಯಿ ಕೌಲು ಜರ್ಮನಿಯ ಫಿರಂಗಿಗಳಿಗೆ ಮಿತಿಯನ್ನು ಹಾಕಿದ್ದಿತೇ ಹೊರತು ರಾಕೆಟ್ಟಿನ ಮಾತನ್ನೆತ್ತಿರಲಿಲ್ಲ. ಆದಕಾರಣ ಸೈನ್ಯದ ಅಧಿಕಾರಿಗಳು ಈ ಹವ್ಯಾಸಿಗಳ ಬಯಲಿನ ಕಡೆಗೆ ಕಣ್ಣಿಟ್ಟಿದ್ದರು. 1932ರಲ್ಲಿ ಕುಮರ್ಸ್‌ಡಾರ್ಫಿನ ಸೈನ್ಯದ ಮೈದಾನದಲ್ಲಿ ಸಂಘದವರು ತಮ್ಮ ಬಾಣವನ್ನು ಹಾರಿಸಿ ತೋರಿಸಿದರು. ಅಧಿಕಾರಿಗಳಿಗೆ ಬಾಣ ಮೆಚ್ಚುಗೆಯಾಗಲಿಲ್ಲ. ಸಂಘದ ತರುಣನೊಬ್ಬನು, ವರ್ನರ್ ಫಾನ್ ಬ್ರೌನನು, ಮೆಚ್ಚುಗೆಯಾದನು. ಆ ವರ್ಷದ ಕೊನೆಗೆ ಅವನು ಸೈನ್ಯದ ಕೆಲಸಕ್ಕೆ ಸೇರಿದನು. ನಿಲ್ದಾಣದ ಅಂತ್ಯ ವಿಚಿತ್ರವಾದುದು: ಸಂಘದ ಸದಸ್ಯ ವಿಲ್ಲಿ ಲೇ ಹೇಳುವಂತೆ, ಪಾಳು ಕಟ್ಟಡಗಳ ನಲ್ಲಿಗಳು ಸೋರಿ ಸೋರಿ ಏರಿದ್ದ ನೀರಿನ ಕಂದಾಯವನ್ನು ತೆರಲಾರದೆ ಹೋದುದು ಅದಕ್ಕೊಂದು ಕಾರಣ. ಹಿಟ್ಲರನ ಸರ್ಕಾರ ಬಂದ ಮೇಲೆ ಖಾಸಗಿ ಪ್ರಯೋಗಗಳಿಗೆ ಎಡೆಯೇ ಉಳಿಯಲಿಲ್ಲ. 1944ರ ಸೆಪ್ಟೆಂಬರಿನಲ್ಲಿ ಲಂಡನ್ ಮತ್ತು ಪ್ಯಾರಿಸುಗಳ ಮೇಲೆ ಬಿದ್ದ ವಿ-2 ಅಸ್ತ್ರ ಹತ್ತು ಮಾರ್ಕಿನ ಬಯಲಿನ ಸಂತತಿಯೆನ್ನಬಹುದು. ಅದನ್ನು ತಯಾರಿಸಿದ ಮಿಟ್ಟೆಲ್‌ಬೌ-ಡೋರಾ ಸೆರೆಶಿಬಿರದಲ್ಲಿ ಸುಮಾರು 20,000 ಬಂದಿಗಳು ಸತ್ತರು. ಹವ್ಯಾಸಿಗಳ ಸ್ಮೃತಿಗ್ರಂಥಗಳು ನಿಲ್ದಾಣದ ಬಡತನವನ್ನೂ ನಗೆಯನ್ನೂ ಆರ್ದ್ರವಾಗಿ ವರ್ಣಿಸುತ್ತವೆ. ಅವನ್ನು ಓದುವ ವಿದ್ಯಾರ್ಥಿ ಈ ಎರಡನೆಯ ಸಂಖ್ಯೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕೆಂದು ನಾವು ಬಯಸುತ್ತೇವೆ.

ಇದೇ ಕಾಲದಲ್ಲಿ ಇನ್ನು ಕೆಲವು ಹವ್ಯಾಸಿಗಳು ಬಾಣಕ್ಕೆ ಬೇರೆಯದೇ ಆದ ಕೆಲಸವನ್ನು ಹುಡುಕಿದರು: ಕಾಗದಗಳನ್ನು ಒಯ್ಯುವುದು. ಆಸ್ಟ್ರಿಯದ ಫ್ರೀಡ್ರಿಖ್ ಷ್ಮೀಡ್ಲ್ 1931ರ ಫೆಬ್ರವರಿ 2ರಂದು ಗ್ರಾಜ್ ನಗರದ ಬಳಿಯ ಷೋಕ್ಲ್ ಬೆಟ್ಟದಿಂದ 102 ಕಾಗದಗಳನ್ನು ಬಾಣದ ಮೂಲಕ ಕೆಳಗಿನ ಹಳ್ಳಿಗೆ ಕಳುಹಿಸಿದನು. ಜರ್ಮನಿಯ ಗೆರ್ಹಾರ್ಡ್ ಝುಕರ್ 1934ರ ಜುಲೈ 28ರಂದು ಸ್ಕಾಟ್ಲೆಂಡಿನ ಸ್ಕಾರ್ಪ್ ದ್ವೀಪದಿಂದ ಹ್ಯಾರಿಸ್ ದ್ವೀಪಕ್ಕೆ ಹಾರಿಸಹೋದ ಅಂಚೆಯ ಬಾಣ ನಿಂತಲ್ಲೇ ಒಡೆದು, ಕಾಗದಗಳು ಕರಿಯಾಗಿ ಚೆಲ್ಲಾಡಿದುವು. ಝುಕರನನ್ನು ನಾವು ಕೊನೆಯಲ್ಲಿ ಮತ್ತೊಮ್ಮೆ ಕಾಣುತ್ತೇವೆ.

ಈ ಪಂಗಡದಲ್ಲಿ ನಮ್ಮ ದೇಶದವನೊಬ್ಬನಿದ್ದನು. ನಮ್ಮ ಪಠ್ಯಪುಸ್ತಕಗಳು ಅವನನ್ನು ಕಡೆಗಣಿಸಿವೆ. 1891ರಲ್ಲಿ ಷಿಲ್ಲಾಂಗಿನಲ್ಲಿ ಹುಟ್ಟಿದ ಸ್ಟೀಫನ್ ಸ್ಮಿತ್ ಕಲ್ಕತ್ತೆಯಲ್ಲಿ ನೆಲೆಸಿದ್ದವನು, ಭಾರತೀಯ ವಿಮಾನ ಅಂಚೆ ಸಂಘದ ಕಾರ್ಯದರ್ಶಿ. 1934ರ ಸೆಪ್ಟೆಂಬರ್ 30ರಂದು ಅವನು ಹೂಗ್ಲಿ ನದಿಯ ಮುಖದಲ್ಲಿ ಹಡಗಿನಿಂದ ಸಾಗರ ದ್ವೀಪದ ಕಡೆಗೆ ತನ್ನ ಮೊದಲ ಅಂಚೆಯ ಬಾಣವನ್ನು ಬಿಟ್ಟನು. ಅದು ನಡುವೆಯೇ ಸಿಡಿದು ಕಾಗದಗಳು ಚದರಿದುವು. ಅಲ್ಲಿಂದ 1944ರವರೆಗೆ ಅವನು ನಡೆಸಿದ ಹಾರಾಟಗಳು ಸುಮಾರು 270. 1935ರ ಏಪ್ರಿಲಿನಲ್ಲಿ ಸಿಕ್ಕಿಮಿನ ಮಹಾರಾಜ ತಾಷಿ ನಾಮ್‌ಗ್ಯಾಲರ ಬೆಂಬಲದಿಂದ ಗ್ಯಾಂಗ್‌ಟಾಕಿನ ಸುತ್ತ ಹಲವು ಬಾಣಗಳನ್ನು ಹಾರಿಸಿದನು. ಮಳೆಗಾಲದಲ್ಲಿ ಬೆಟ್ಟ ಕುಸಿದು ದಾರಿ ಕಡಿದುಹೋಗುವ ಆ ನಾಡಿನಲ್ಲಿ ಹೊಳೆಯಾಚೆಗೆ ಪೊಟ್ಟಣವನ್ನು ಕಳುಹಿಸುವುದು ಆಟದ ಮಾತಾಗಿರಲಿಲ್ಲ. ಚಹ, ಸಕ್ಕರೆ ಮೊದಲಾದ ಸಾಮಾನುಗಳ ಪೊಟ್ಟಣವೂ ಹೀಗೆ ಹೊಳೆಯನ್ನು ದಾಟಿತು. ಅದೇ ವರ್ಷ ಜೂನ್ 29ರಂದು ದಾಮೋದರ ನದಿಯ ಮೇಲೆ ಒಂದು ಹುಂಜವನ್ನೂ ಹೇಟೆಯನ್ನೂ ಬಾಣದಲ್ಲಿ ಕೂರಿಸಿ ಕಳುಹಿಸಿದನು. ಎರಡೂ ಬದುಕಿ ಉಳಿದುವು.

ಈ ಕೋಳಿಗಳ ಸಂಗತಿ ಎಲ್ಲರಿಗೂ ರುಚಿಸುತ್ತದೆ. ನಮ್ಮ ಪ್ರಶ್ನೆಗೆ ಮುಖ್ಯವಾದುದು ಬೇರೊಂದು. ಭಾರತದಲ್ಲಿ ಆಗ ಜಾರಿಯಲ್ಲಿದ್ದುದು 1884ರ ಸ್ಫೋಟಕ ಕಾಯಿದೆ. ಇಂಗ್ಲೆಂಡಿನ 1875ರ ಕಾಯಿದೆಯ ಜಾಡಿನಲ್ಲಿಯೇ ಅದು ಮದ್ದಿನ ತಯಾರಿಕೆ, ಸಂಗ್ರಹ, ಮಾರಾಟಗಳನ್ನು ಪರವಾನಗಿಗೆ ಒಳಪಡಿಸಿದ್ದಿತು. ಕ್ಲೀಟರನ ಸಂಘವನ್ನು ಕಟ್ಟಿಹಾಕಿದ ವಿಧಿಯ ತಂಗಿಯೇ ಇಲ್ಲಿಯೂ ಇದ್ದಳೆನ್ನೋಣ. ಆದರೂ ಸ್ಮಿತ್ ಹತ್ತು ವರ್ಷ ಬಾಣ ಹಾರಿಸಿದುದು ಹೇಗೆ? ಅವನು ಮದ್ದನ್ನು ತಾನು ಅರೆಯಲಿಲ್ಲ. ಬಾಣಗಳನ್ನು ಕಲ್ಕತ್ತೆಯ ಬಿರುಸಿನ ಕಾರ್ಖಾನೆಯಿಂದ ಪಡೆದನು. ತಲೆತಲಾಂತರದಿಂದ ಜಾತ್ರೆಗೂ ಮದುವೆಗೂ ಮದ್ದಿನ ಕೆಲಸ ಮಾಡುತ್ತ ಬಂದವರ ವಿದ್ಯೆ ಈ ದೇಶದಲ್ಲಿ ಕಾರ್ಖಾನೆಯ ರೂಪಕ್ಕೆ ಬಂದಿದ್ದಿತು, ಮದ್ದು ಅವರದು. ಏನನ್ನು ಹೊರಿಸಬೇಕು, ಎಲ್ಲಿಂದ ಎಲ್ಲಿಗೆ ಹಾರಿಸಬೇಕು, ಫಲವನ್ನು ಹೇಗೆ ದಾಖಲಿಸಬೇಕು ಎಂಬುದು ಇವನದು. ಹೀಗೆ ತಯಾರಿಕೆಯನ್ನೂ ಹಾರಾಟವನ್ನೂ ಎರಡು ಕೈಗಳಿಗೆ ಹಂಚಿಕೊಟ್ಟುದರಿಂದಲೇ ಸ್ಮಿತನ ಪ್ರಯೋಗ ಬಾಳಿತೆಂಬುದು ನಮ್ಮ ಅಭಿಪ್ರಾಯ. ಕಾಂಗ್ರೀವನೂ ಇದೇ ರೀತಿ ಆರಂಭಿಸಿದ್ದನೆಂಬುದನ್ನು ಓದುಗರು ನೆನೆಯಬಹುದು.

ಆಕರಗಳ ವಿಷಯವಾಗಿ ಇಲ್ಲಿ ಒಂದು ಎಚ್ಚರಿಕೆಯ ಮಾತು. ಸ್ಮಿತ್, ಷ್ಮೀಡ್ಲ್ ಮೊದಲಾದವರ ಪ್ರಯೋಗಗಳಿಗೆ ಉಳಿದಿರುವ ಮುಖ್ಯ ಸಾಕ್ಷ್ಯ ಅಂಚೆಚೀಟಿ ಸಂಗ್ರಾಹಕರ ಕೈಯಲ್ಲಿರುವ ಲಕೋಟೆಗಳು. ಬಾಣದ ವೆಚ್ಚವನ್ನು ಹುಟ್ಟಿಸಲೆಂದೇ ವಿಶೇಷ ಚೀಟಿಗಳನ್ನು ಅಚ್ಚುಹಾಕಿಸಿ, ಲಕೋಟೆಗಳಿಗೆ ಅಂಟಿಸಿ ಸಂಗ್ರಾಹಕರಿಗೆ ಮಾರುತ್ತಿದ್ದರು. ಆದಕಾರಣ ಲಕೋಟೆಯ ಮೇಲಿನ ದಿನಾಂಕ ಹಾರಾಟ ನಡೆದ ದಿನಕ್ಕೆ ಸಾಕ್ಷಿಯಾಗಬಹುದು. ಬಾಣ ಎಷ್ಟು ದೂರ ಹೋಯಿತು, ಗುರಿ ಮುಟ್ಟಿತೇ ಎಂಬುದಕ್ಕೆ ಅದೊಂದೇ ಸಾಲದು. ಶಾಸನದಲ್ಲಿ ಬಿರುದಾವಳಿಯನ್ನು ಓದುವಾಗ ನಾವು ವಹಿಸುವ ಜಾಗರೂಕತೆಯನ್ನು ಇಲ್ಲಿಯೂ ವಹಿಸಬೇಕು. ಸ್ಮಿತ್ 1951ರಲ್ಲಿ ತೀರಿಕೊಂಡನು. 1992ರಲ್ಲಿ ಭಾರತದ ಅಂಚೆಯ ಇಲಾಖೆ ಅವನ ಸ್ಮರಣೆಗಾಗಿ ಚೀಟಿಯೊಂದನ್ನು ಹೊರತಂದಿತು.

ಮಹಾಯುದ್ಧ ಮುಗಿದ ಮೇಲೆ ಹವ್ಯಾಸ ಅಮೆರಿಕದ ಹುಡುಗರ ಪಾಲಾಯಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಆಕಾಶವನ್ನೇರಿದ ಬಳಿಕ ಆ ದೇಶದ ಊರೂರಲ್ಲಿ ಶಾಲಾಬಾಲಕರು ಕೊಳಾಯಿಯ ತುಂಡುಗಳಿಗೆ ಮದ್ದು ತುಂಬತೊಡಗಿದರು. ವೆಸ್ಟ್ ವರ್ಜೀನಿಯದ ಕೋಲ್‌ವುಡ್ ಎಂಬ ಗಣಿಯೂರಿನ ಹೋಮರ್ ಹಿಕಮ್ ಮತ್ತು ಅವನ ಗೆಳೆಯರು ಇವರಲ್ಲಿ ಪ್ರಸಿದ್ಧರು. 1960ರಲ್ಲಿ ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಅವರಿಗೆ ಪದಕ ದೊರೆಯಿತು. ಬೆರಳು, ಕಣ್ಣು, ಪ್ರಾಣಗಳನ್ನು ಕಳೆದುಕೊಂಡ ಹುಡುಗರೂ ಇದ್ದರು. ಅವರ ಮೇಲೆ ಚಲನಚಿತ್ರಗಳು ಬರಲಿಲ್ಲ.

ಪರಿಹಾರ ಬಂದುದು ನೆಬ್ರಾಸ್ಕದ ನಾರ್ಫೋಕ್ ಎಂಬ ಊರಿನ ಪಾದರಕ್ಷೆಯ ವ್ಯಾಪಾರಿಯೊಬ್ಬನಿಂದ. ಆರ್ವಿಲ್ ಕಾರ್ಲೈಲ್ ಎಂಬ ಈತನಿಗೆ ಬಾಣಬಿರುಸು ಮಾಡುವುದು ಹವ್ಯಾಸ. ಅವನ ತಮ್ಮ ರಾಬರ್ಟನಿಗೆ ಮಾದರಿ ವಿಮಾನಗಳ ಹುಚ್ಚು. ತಮ್ಮನ ಪಾಠಗಳಿಗಾಗಿ 1954ರಲ್ಲಿ ಅವನು ಕಾಗದ ಮತ್ತು ಹಗುರ ಮರದಿಂದ ಮಾಡಿ, ಬಿರುಸಿನ ಮಾದರಿಯ ಚಿಕ್ಕ ಮದ್ದಿನ ಕೊಳವೆಯಿಂದ ಏರಿ, ಕೊಡೆಯನ್ನು ಬಿಚ್ಚಿಕೊಂಡು ಇಳಿಯುವ ಬಾಣವೊಂದನ್ನು ರಚಿಸಿದನು. ಬಳಸಿದ ಕೊಳವೆಯನ್ನು ತೆಗೆದು ಹೊಸದನ್ನಿಟ್ಟರೆ ಮತ್ತೆ ಹಾರಬಲ್ಲುದು. 1957ರಲ್ಲಿ, ಹುಡುಗರ ರಾಕೆಟ್ ಅಪಘಾತಗಳ ಕುರಿತು ಹ್ಯಾರಿ ಸ್ಟೈನ್ ಬರೆದ ಪತ್ರಿಕಾ ಲೇಖನವನ್ನು ಓದಿ ಕಾರ್ಲೈಲ್ ತನ್ನ ಮಾದರಿಗಳನ್ನು ಅವನಿಗೆ ಕಳುಹಿಸಿದನು. ಸ್ಟೈನ್ ಆಗ ವೈಟ್ ಸ್ಯಾಂಡ್ಸ್ ಕ್ಷಿಪಣಿ ಮೈದಾನದಲ್ಲಿ ಕೆಲಸದಲ್ಲಿದ್ದವನು. ಇದರಲ್ಲಿ ಅಡಗಿದ್ದ ಉಪಾಯವನ್ನು ಕೂಡಲೇ ಗ್ರಹಿಸಿದನು. ಮದ್ದಿನ ಕೊಳವೆ ಕಾರ್ಖಾನೆಯಿಂದ ಬರಲಿ, ಬಾಣದ ಒಡಲನ್ನು ಹುಡುಗನು ಮಾಡಲಿ. ಬಿರುಸಿನ ಮನೆತನದಿಂದ ಬಂದ ಡೆನ್ವರಿನ ವರ್ನನ್ ಎಸ್ಟಸ್ ಆ ಕೊಳವೆಗಳನ್ನು ಒಂದೇ ಸಮನಾಗಿ ತಯಾರಿಸುವ ಯಂತ್ರವನ್ನು ಕಟ್ಟಿದನು. ಸಂಘ ಹುಟ್ಟಿತು, ಸುರಕ್ಷತೆಯ ನಿಯಮಾವಳಿ ಬಂದಿತು, ಕ್ರಮೇಣ ಹಲವು ರಾಜ್ಯಗಳ ಕಾನೂನು ಈ ಆಟವನ್ನು ಬಾಣಬಿರುಸಿನಿಂದ ಬೇರೆಯೆಂದು ಗಣಿಸಿತು.

ಸ್ಮಿತನಿಗೂ ಕಾರ್ಲೈಲನಿಗೂ ಸಂಪರ್ಕವಿತ್ತೆಂದು ನಾವು ಹೇಳುತ್ತಿಲ್ಲ. ಒಬ್ಬನ ಕೆಲಸ ಕಾನೂನಿನ ಗೋಡೆಯ ಬದಿಯಲ್ಲಿ ದಾರಿ ಹುಡುಕಿಕೊಂಡುದು; ಮತ್ತೊಬ್ಬನದು ಅಪಘಾತದ ಅಂಜಿಕೆಗೆ ಕೊಟ್ಟ ಉತ್ತರ. ಎರಡು ದಾರಿಗಳೂ ಸೇರಿದ ಸ್ಥಳ ಒಂದೇ. ಈ ಹಂಚಿಕೆಯಲ್ಲಿ ಕಳೆದುಹೋದುದೂ ಇದೆ: ಮದ್ದನ್ನು ಅರೆದು, ಅದರ ಗುಣವನ್ನು ಕೈಯಿಂದ ಅರಿಯುವ ವಿದ್ಯೆ. ಅದನ್ನು ಬಿಡಲೊಲ್ಲದವರು ಅಮೆರಿಕದಲ್ಲಿ 1969ರಲ್ಲಿ ಬಾಣಬಿರುಸಿನ ಹವ್ಯಾಸಿಗಳ ಸಂಘವನ್ನು ಬೇರೆಯಾಗಿ ಕಟ್ಟಿಕೊಂಡು, ಪರವಾನಗಿಯ ಚೌಕಟ್ಟಿನೊಳಗೆ ಆ ಕಲೆಯನ್ನು ಮುಂದುವರಿಸಿದರು.

ಝುಕರನಾದರೋ ಯಾವ ಹಂಚಿಕೆಗೂ ಒಪ್ಪಿದವನಲ್ಲ. ಸ್ಕಾರ್ಪಿನ ಸೋಲಿನ ತರುವಾಯ ಇಂಗ್ಲೆಂಡಿನಿಂದ ಹೊರಗಟ್ಟಲ್ಪಟ್ಟು, ಮಹಾಯುದ್ಧವನ್ನು ದಾಟಿ ಬಂದು, ಪಶ್ಚಿಮ ಜರ್ಮನಿಯಲ್ಲಿ ಮತ್ತೆ ಅಂಚೆಯ ಬಾಣಗಳನ್ನು ಹಾರಿಸಿ ಲಕೋಟೆಗಳನ್ನು ಮಾರುತ್ತಿದ್ದನು. 1964ರ ಮೇ 7ರಂದು ಹಾರ್ಜ್ ಬೆಟ್ಟಗಳ ಬ್ರೌನ್‌ಲಾಗೆ ಎಂಬಲ್ಲಿ ಅವನು ನಡೆಸಿದ ಪ್ರದರ್ಶನವನ್ನು ನೋಡಲು ಜನ ನೆರೆದಿದ್ದರು. ಬಾಣ ಏರುವ ಮೊದಲೇ ಸಿಡಿದು ಅದರ ಚೂರುಗಳು ನೋಡುತ್ತಿದ್ದವರ ಪ್ರಾಣವನ್ನು ತೆಗೆದುವು. ಆ ಬಳಿಕ ಪಶ್ಚಿಮ ಜರ್ಮನಿಯಲ್ಲಿ ಖಾಸಗಿ ರಾಕೆಟ್ ಪ್ರಯೋಗಗಳಿಗೆ ಕಟ್ಟುನಿಟ್ಟಾದ ನಿರ್ಬಂಧ ಬಂದಿತು. ರೈನಿಕೆನ್‌ಡಾರ್ಫಿನ ಬಯಲನ್ನು ಹತ್ತು ಮಾರ್ಕಿಗೆ ಗೇಣಿಗೆ ಕೊಟ್ಟ ಆ ನಾಡು, ಮೂವತ್ತನಾಲ್ಕು ವರ್ಷಗಳ ಮೇಲೆ, ಟಿಲ್ಬರಿ ದೋಣಿಯ ಇಂಗ್ಲೆಂಡು ಮೊದಲೇ ತಲುಪಿದ್ದ ನಿಲುವಿಗೆ ಬಂದು ಸೇರಿತು.